ಇಂಗ್ಲಿಷ್ ಪಿರಿಯಡ್‌ನಲ್ಲಿ ಯಾರೂ ಯಾರನ್ನೂ ನೋಡಿ ನಗುವಂತಿಲ್ಲ

ಸರ್ಕಾರಿ ಪ್ರೌಢಶಾಲೆಗೆ ಎಂಟನೇ ಕ್ಲಾಸಿಗೆ ಬಂದು ಸೇರುವ ಮಗು ಅಷ್ಟು ಹೊತ್ತಿಗಾಗಲೇ ಏಳು ವರ್ಷ ಇಂಗ್ಲಿಷ್ ಓದಿರುತ್ತದೆ. ನಮ್ಮ ರಾಜ್ಯದಲ್ಲಿ 2007ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗುತ್ತದೆ. ನಾವು ಓದುವ ಕಾಲಕ್ಕೆ ಎಬಿಸಿಡಿ ಕಣ್ಣಿಗೆ ಬೀಳುತ್ತಿದ್ದದ್ದೇ ಐದನೇ ಕ್ಲಾಸಿನಲ್ಲಿ. ಲೆಕ್ಕ ಹಾಕಿದರೆ ಈಗಿನ ಮಕ್ಕಳು ನಮಗಿಂತ ನಾಲ್ಕು ವರ್ಷ ಮುಂದಿರಬೇಕು. ಬೋರ್ಡ್ ನೋಡಿ ಬರೆಯುವುದರಲ್ಲಿ ಮುಂದಿದ್ದಾರೆ ಕೂಡ. ಅಕ್ಷರ ಎಷ್ಟು ದುಂಡಗಿರುತ್ತದೆ ಅಂದರೆ, ನೋಟ್ಸ್ ನೋಡಿದವರಿಗೆ ಈ ಮಕ್ಕಳಿಗೆ ಎಲ್ಲ ಬರುತ್ತದೆ ಅನ್ನಿಸಬೇಕು. ಆದರೆ ಎದ್ದು ನಿಂತು ನಿನ್ನ ಊರಿನ ಬಗ್ಗೆ ಒಂದೇ ಒಂದು ಮಾತು ಇಂಗ್ಲಿಷಿನಲ್ಲಿ ಹೇಳು ಅಂದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಪಕ್ಕದವರ ಮುಖ ನೋಡುತ್ತಾರೆ. ಗೊತ್ತಿಲ್ಲ ಅಂತಲ್ಲ. ತಪ್ಪಾಗಿಬಿಟ್ಟರೆ ಅನ್ನುವ ಭಯ.

ತಿಪಟೂರು ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವವಳು ನಾನು. ಕನ್ನಡ ಮಾಧ್ಯಮದ ಮಕ್ಕಳು. ಅವರಿಗೆ ಇಂಗ್ಲಿಷ್ ಎರಡನೇ ಭಾಷೆ. ಪ್ರತಿ ಜೂನ್‌ನಲ್ಲಿ ಸೇತುಬಂಧದ, ಅಂದರೆ ಹಿಂದಿನ ಕ್ಲಾಸಿನ ಪಾಠವನ್ನು ನೆನಪಿಸುವ ತರಗತಿಗಳ, ಜೊತೆಜೊತೆಗೇ ಕ್ಲಾಸಿನ ನಿಯಮಗಳನ್ನೂ ಮಾತಾಡಿಕೊಳ್ಳುತ್ತೇವೆ. ನಿಯಮ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಗೋಡೆ ಮೇಲಿನ ಚಾರ್ಟು. ಮೊದಲನೇ ಸಾಲು 'ಕೀಪ್ ಸೈಲೆನ್ಸ್'. ಎರಡನೇ ಸಾಲು 'ಸ್ಪೀಕ್ ಓನ್ಲಿ ಇನ್ ಇಂಗ್ಲಿಷ್'. ಇವೆರಡನ್ನೂ ಒಟ್ಟಿಗೆ ಪಾಲಿಸಿದ ಮಗು ಏನು ಮಾಡಬೇಕು? ಸುಮ್ಮನೆ ಕೂರಬೇಕು. ಅದನ್ನೇ ಮಾಡುತ್ತಾ ಬಂದಿದ್ದಾರೆ. ಹತ್ತು ವರ್ಷ ಶಿಸ್ತಾಗಿ ಸುಮ್ಮನೆ ಕೂತು, ಎಸ್ಸೆಸ್ಸೆಲ್ಸಿ ಪಾಸ್ ಮಾಡಿಕೊಂಡು ಹೋಗುತ್ತಾರೆ. ಆಮೇಲೆ ಪಿಯುಸಿಯಲ್ಲಿ ಸೈನ್ಸ್ ತಗೊಂಡ ಮಗುವಿಗೆ ಮೊದಲ ವಾರವೇ ಕಣ್ಣಲ್ಲಿ ನೀರು ಬರುತ್ತದೆ. ಯಾಕೆ ಅಂತ ನಾವು ಆಶ್ಚರ್ಯಪಡುತ್ತೇವೆ.

ನನಗೆ ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಅನ್ನಿಸಿರುವುದು ಇದು: ಇಂಗ್ಲಿಷ್ ಕ್ಲಾಸಿನ ನಿಯಮಗಳು ಟೀಚರ್ ಅನುಕೂಲಕ್ಕಲ್ಲ, ತಪ್ಪು ತಪ್ಪಾಗಿ ಮಾತಾಡುವ ಮಗುವನ್ನು ಕಾಯುವುದಕ್ಕೆ ಇರಬೇಕು. ಬೇರೆ ಯಾವ ವಿಷಯದಲ್ಲೂ ತಪ್ಪು ಇಷ್ಟು ಬಹಿರಂಗವಾಗಿ ಆಗುವುದಿಲ್ಲ. ಗಣಿತದಲ್ಲಿ ತಪ್ಪು ನೋಟ್ ಪುಸ್ತಕದೊಳಗೆ ಇರುತ್ತದೆ. ಇಲ್ಲಿ ಬಾಯಿ ಬಿಟ್ಟ ಕೂಡಲೇ ನಲವತ್ತು ಜನರಿಗೆ ಕೇಳಿಸುತ್ತದೆ.

ಅದಕ್ಕೇ ಮೊದಲನೇ ನಿಯಮ, ಯಾರೂ ಯಾರನ್ನೂ ನೋಡಿ ನಗುವಂತಿಲ್ಲ. ಇದೊಂದು ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಹೇಳುವುದು ಸುಲಭ, ನಡೆಸುವುದು ಕಷ್ಟ. ನಮ್ಮ ಕಡೆ ಹಕಾರ ಅಕಾರ ಅದಲುಬದಲಾಗುವುದು ಜಾಸ್ತಿ. ಹಾಲು ಅನ್ನುವುದು ಆಲು ಆಗುತ್ತದೆ, ಆಸೆ ಅನ್ನುವುದು ಹಾಸೆ ಆಗುತ್ತದೆ. ಇಂಗ್ಲಿಷಿಗೆ ಬಂದರೂ ಅದೇ. 'ಹೌಸ್' ಅನ್ನುವುದು 'ಔಸ್', 'ಆ್ಯಪಲ್' ಅನ್ನುವುದು 'ಹ್ಯಾಪಲ್'. ಹಾಗೆ ಮಾತಾಡುವ ಮಗು ಅದಕ್ಕೂ ಮುಂಚೆ ಕನ್ನಡ ಪಿರಿಯಡ್‌ನಲ್ಲೇ ಅವಮಾನ ಅನುಭವಿಸಿರುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಅಜ್ಜಿ ಎಲ್ಲ ಮಾತಾಡುವುದೇ ಹಾಗೆ. ಆ ಮಗುವನ್ನು ನೋಡಿ ನಕ್ಕರೆ ಅದರ ಮನೆಯನ್ನೇ ನೋಡಿ ನಕ್ಕ ಹಾಗೆ. ಈ ನಗುವಿನಲ್ಲಿ ಜಾತಿಯ ಅಹಂಕಾರವೂ ಬೆರೆತಿರುತ್ತದೆ ಅನ್ನುವುದು ಹಳ್ಳಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ಒಂದು ಸಲ ಏಳಲೂ ಹೆದರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದಳು: 'ಮೈ ಫಾದರ್ ಈಸ್ ಗೋ ಟು ಸಂತೆ.' ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ ಅಂದರು. ನಾನು ಆ ಕಡೆ ತಿರುಗಲಿಲ್ಲ. ಹುಡುಗಿಯನ್ನೇ ನೋಡಿಕೊಂಡು ಕೇಳಿದೆ, 'ವಿಚ್ ಸಂತೆ?' ಅವಳು ಊರಿನ ಹೆಸರು ಹೇಳಿದಳು. 'ವಾಟ್ ಈಸ್ ಹಿ ಸೆಲ್ಲಿಂಗ್?' ಕುರಿ ಅಂದಳು. 'ಹೌ ಮೆನಿ?' 'ಟೂ ಶೀಪ್, ಮೇಡಂ. ಒನ್ ಈಸ್ ಮೈ ಶೀಪ್.' ಅಷ್ಟು ಹೊತ್ತಿಗೆ ಕ್ಲಾಸೆಲ್ಲ ಅವಳ ಕಡೆ ತಿರುಗಿತ್ತು. ಅವಳದ್ದೇ ಕುರಿ ಅಂದರೆ ಹೇಗೆ, ಯಾರು ಕೊಟ್ಟಿದ್ದು, ಯಾಕೆ ಮಾರುತ್ತಿದ್ದಾರೆ ಅಂತ ಎಲ್ಲರಿಗೂ ಬೇಕಾಗಿತ್ತು. ನಕ್ಕವನೇ ಕೇಳಿದ, 'ವೈ ಸೆಲ್?' ಅವಳು ಉತ್ತರ ಕೊಟ್ಟಳು. 'ಈಸ್ ಗೋ' ಅನ್ನುವುದನ್ನು ಅವತ್ತು ನಾನು ತಿದ್ದಲಿಲ್ಲ. ಮಾರನೇ ದಿನ ಯಾರ ಹೆಸರೂ ಹೇಳದೆ ಬೋರ್ಡ್ ಮೇಲೆ ಅಂಥ ನಾಲ್ಕು ವಾಕ್ಯ ಬರೆದು ಎಲ್ಲರೂ ಸೇರಿ ಸರಿ ಮಾಡಿದೆವು.

ಇದು ನನ್ನ ಪದ್ಧತಿ. ಮಾತಾಡುವಾಗ ವಿಷಯಕ್ಕೆ ಉತ್ತರ, ತಪ್ಪಿಗಲ್ಲ. ತಪ್ಪನ್ನು ತಿದ್ದಲು ಬೇರೆ ಹೊತ್ತು ಇದೆ. ಮಗು ಒಂದು ಸುದ್ದಿ ಹೇಳುತ್ತಿರುವಾಗ ನಡುವೆ ಬಾಯಿ ಹಾಕಿ 'ಈಸ್ ಗೋ ಅಲ್ಲಮ್ಮ, ಈಸ್ ಗೋಯಿಂಗ್' ಅಂದರೆ, ನೀನು ಹೇಳಿದ್ದು ನನಗೆ ಬೇಕಾಗಿಲ್ಲ, ಹೇಗೆ ಹೇಳಿದೆ ಅನ್ನುವುದಷ್ಟೇ ಬೇಕು ಅಂತ ಹೇಳಿದ ಹಾಗಾಗುತ್ತದೆ.

ನಗಬಾರದು ಅನ್ನುವ ನಿಯಮ ಟೀಚರಿಗೂ ಅನ್ವಯಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕೋಲು ನಮ್ಮ ಶಾಲೆಗಳಿಂದ ಬಹುಮಟ್ಟಿಗೆ ಮರೆಯಾಯಿತು, ಒಳ್ಳೆಯದಾಯಿತು. ಆದರೆ ಮಗುವಿನ ಉಚ್ಚಾರಣೆಯನ್ನು ಅಣಕಿಸುವ ಮಾತು ಸ್ಟಾಫ್ ರೂಮಿನಲ್ಲೂ ಕ್ಲಾಸಿನಲ್ಲೂ ಇನ್ನೂ ಇದೆ. ಅದು ಕೋಲಿಗಿಂತ ಕಡಿಮೆ ಪೆಟ್ಟು ಅಂತ ನನಗನ್ನಿಸುವುದಿಲ್ಲ.

ಎರಡನೇ ನಿಯಮಕ್ಕೆ ಬಂದರೆ ತುಂಬ ಪೋಷಕರು ಹುಬ್ಬೇರಿಸುತ್ತಾರೆ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಬಹುದು. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳು ನಮ್ಮ ತಾಲ್ಲೂಕಿನಲ್ಲೇ ಇವೆ. ಅಲ್ಲಿಂದ ನಮ್ಮಲ್ಲಿಗೆ ಬಂದು ಸೇರುವ ಮಕ್ಕಳನ್ನು ನೋಡಿದ್ದೇನೆ. ಅವರು ಇಂಗ್ಲಿಷ್ ಜಾಸ್ತಿ ಮಾತಾಡುವುದಿಲ್ಲ, ಒಟ್ಟಾರೆ ಮಾತೇ ಕಡಿಮೆ ಆಡುತ್ತಾರೆ. ಮನೆಮಾತನ್ನು ತಪ್ಪು ಅಂತ ಕಲಿಸಿದ ಮೇಲೆ ಇನ್ನೊಂದು ಮಾತು ಯಾವ ಧೈರ್ಯದಿಂದ ಬಾಯಿಗೆ ಬರಬೇಕು?

ಆದರೆ ಕನ್ನಡ ಆಗಬಹುದು ಅಂದ ಮಾತ್ರಕ್ಕೆ ಇಡೀ ಪಾಠವನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದಲ್ಲ. ಆ ಪದ್ಧತಿಯೂ ನಮ್ಮಲ್ಲಿ ಜೋರಾಗಿದೆ. ಒಂದು ಸಾಲು ಇಂಗ್ಲಿಷ್ ಓದುವುದು, ಅದರ ಕನ್ನಡ ಹೇಳುವುದು, ಮತ್ತೊಂದು ಸಾಲು. ಪಿರಿಯಡ್ ಮುಗಿಯುವಾಗ ಮಗುವಿಗೆ ಕಥೆ ಗೊತ್ತಾಗಿರುತ್ತದೆ, ಇಂಗ್ಲಿಷ್ ಕಿವಿಗೇ ಬಿದ್ದಿರುವುದಿಲ್ಲ. ನಾನು ಮಾಡಿಕೊಂಡಿರುವ ಒಪ್ಪಂದ ಹೀಗಿದೆ. ನಾನು ಇಂಗ್ಲಿಷಿನಲ್ಲೇ ಮಾತಾಡುತ್ತೇನೆ, ನಿಧಾನಕ್ಕೆ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ, ಬೋರ್ಡ್ ಮೇಲೆ ಚಿತ್ರ ಬರೆದು. ನೀವು ಕನ್ನಡದಲ್ಲಿ ಉತ್ತರ ಕೊಡಬಹುದು. ನೀವು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಒಂದು ಸಲ ಹೇಳುತ್ತೇನೆ. ಬೇಕಾದರೆ ನನ್ನ ಹಿಂದೆ ಹೇಳಿ, ಬೇಡವಾದರೆ ಬಿಡಿ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಅರ್ಧ ಜನ ತಾವಾಗಿಯೇ ಅರೆಬರೆ ಇಂಗ್ಲಿಷಿನಲ್ಲಿ ಶುರು ಮಾಡಿರುತ್ತಾರೆ. ಬಲವಂತ ಮಾಡಿದ್ದರೆ ಆಗುತ್ತಿರಲಿಲ್ಲ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಬಹುಭಾಷೆಯನ್ನು ತರಗತಿಯ ಸಂಪನ್ಮೂಲವಾಗಿ ನೋಡಿ ಅಂತ ಹೇಳಿದೆ. ಅದಕ್ಕಿಂತ ತುಂಬ ಹಿಂದೆಯೇ ಬೆಂಗಳೂರಿನಲ್ಲಿ ಒಂದು ಪ್ರಯೋಗ ನಡೆದಿತ್ತು. ನಮ್ಮ ಎಷ್ಟೋ ಇಂಗ್ಲಿಷ್ ಟೀಚರುಗಳಿಗೇ ಅದರ ವಿಷಯ ಗೊತ್ತಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ಜ್ಞಾನಭಾರತಿ ಆವರಣದಲ್ಲಿರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1963ರಲ್ಲಿ ಶುರುವಾದದ್ದು. ದಕ್ಷಿಣದ ರಾಜ್ಯಗಳ ಟೀಚರುಗಳು ಅಲ್ಲಿಗೆ ತರಬೇತಿಗೆ ಹೋಗುತ್ತಾರೆ, ನಾನೂ ಹೋಗಿದ್ದೆ. ಇಂಗ್ಲಿಷ್ ಕಲಿಸುವ ವಿಧಾನಗಳ ತಜ್ಞ ಎನ್. ಎಸ್. ಪ್ರಭು ಅವರ ಆ ಪ್ರಯೋಗ 1979ರಲ್ಲಿ ಶುರುವಾದದ್ದು ಆ ಸಂಸ್ಥೆಯ ಒಡನಾಟದಲ್ಲೇ. ಐದು ವರ್ಷ ನಡೆಯಿತು. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳ ಕೆಲವೇ ಕ್ಲಾಸುಗಳು, ಬೆಂಚಿನ ತುಂಬ ಮಕ್ಕಳು, ಒಂದು ಬೋರ್ಡು, ಸೀಮೆಸುಣ್ಣ. ಅಲ್ಲಿ ವ್ಯಾಕರಣದ ಪಾಠ ಪಟ್ಟಿಯೇ ಇರಲಿಲ್ಲ. ಮಕ್ಕಳ ಮುಂದೆ ಒಂದು ಲೆಕ್ಕಾಚಾರ ಇಡುತ್ತಿದ್ದರು. ರೈಲಿನ ವೇಳಾಪಟ್ಟಿ ಕೊಟ್ಟು ಯಾವ ರೈಲು ಹಿಡಿಯಬೇಕು ಅಂತ ಕೇಳುವುದು, ನಕ್ಷೆ ಕೊಟ್ಟು ದಾರಿ ಕೇಳುವುದು, ಹೀಗೆ. ಉತ್ತರ ಹುಡುಕುವುದರಲ್ಲಿ ಮಗು ಮುಳುಗಿದಾಗ ಭಾಷೆ ತಾನಾಗಿ ಒಳಗೆ ಇಳಿಯುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಇವತ್ತು ಪ್ರಪಂಚದ ಎಲ್ಲೆಲ್ಲೋ ಟಾಸ್ಕ್ ಆಧಾರಿತ ಕಲಿಕೆ ಅಂತ ಮಾತಾಡುತ್ತಾರಲ್ಲ, ಅದರ ಚರಿತ್ರೆಯಲ್ಲಿ 'ಬೆಂಗಳೂರು ಪ್ರಾಜೆಕ್ಟ್' ಅನ್ನುವ ಹೆಸರು ಬಂದೇ ಬರುತ್ತದೆ.

ಪ್ರಭು ಅವರಿಂದ ನಾನು ಎರಡು ವಿಷಯ ತಗೊಂಡಿದ್ದೇನೆ. ಒಂದು, ಮೊದಲು ಒಂದು ಟಾಸ್ಕನ್ನು ಟೀಚರ್ ಇಡೀ ಕ್ಲಾಸಿನ ಜೊತೆ ಗಟ್ಟಿಯಾಗಿ ಮಾಡಬೇಕು, ಆಮೇಲೆ ಅದೇ ಥರದ್ದನ್ನು ಪ್ರತಿ ಮಗುವೂ ತಾನೇ ಮಾಡಬೇಕು. ಇನ್ನೊಂದು, ಕಷ್ಟ ಎಷ್ಟಿರಬೇಕು ಅನ್ನುವುದಕ್ಕೆ ಅವರು ಇಟ್ಟಿದ್ದ ಅಳತೆ. ಕ್ಲಾಸಿನ ಅರ್ಧದಷ್ಟು ಮಕ್ಕಳಾದರೂ ಕೆಲಸದ ಅರ್ಧದಷ್ಟಾದರೂ ಸರಿ ಮಾಡಿದರೆ ಅದು ತಕ್ಕಷ್ಟು ಕಷ್ಟದ ಕೆಲಸ. ಎಲ್ಲರಿಗೂ ಎಲ್ಲ ಬಂದರೆ ತೀರಾ ಸುಲಭ. ಈ ಅಳತೆ ಗೊತ್ತಾದ ಮೇಲೆ ನನ್ನ ನಿರೀಕ್ಷೆಯೂ ಬದಲಾಯಿತು. ಅರ್ಧ ತಪ್ಪು ಮಾಡಿದ ಮಗು ಹಿಂದುಳಿದ ಮಗುವಲ್ಲ. ಅದು ಸರಿಯಾದ ಜಾಗದಲ್ಲೇ ಇದೆ.

ನಮ್ಮ ಊರಿಗೆ ರೈಲು ಇದೆ. ತುಮಕೂರು, ತಿಪಟೂರು, ಅರಸೀಕೆರೆ ದಾಟಿ ಹುಬ್ಬಳ್ಳಿ ಕಡೆ ಹೋಗುವ ಲೈನು. ಸ್ಟೇಷನ್ನಿನ ವೇಳಾಪಟ್ಟಿಯನ್ನು ಮಕ್ಕಳೇ ನೋಡಿ ಬರೆದುಕೊಂಡು ಬರುತ್ತಾರೆ. ಅಜ್ಜಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಹತ್ತು ಗಂಟೆಯೊಳಗೆ ತಲುಪಿಸಬೇಕು, ಯಾವ ರೈಲು? ಪ್ಯಾಸೆಂಜರ್ ಬೇಡ, ಅಜ್ಜಿಗೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ ಅಂತ ಒಬ್ಬ ವಾದ ಮಾಡುತ್ತಾನೆ. ಎಕ್ಸ್‌ಪ್ರೆಸ್‌ನಲ್ಲಿ ಸೀಟು ಸಿಗಲ್ಲ ಅಂತ ಇನ್ನೊಬ್ಬಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. 'ಬಿಫೋರ್', 'ಆಫ್ಟರ್', 'ಲೇಟ್', 'ಅರೈವ್' ಎಲ್ಲ ಒಂದೇ ಪಿರಿಯಡ್‌ನಲ್ಲಿ ಇಪ್ಪತ್ತು ಸಲ ಕಿವಿಗೆ ಬೀಳುತ್ತವೆ. ಗದ್ದಲ ಆಗುತ್ತದೆ. ಪಕ್ಕದ ಕ್ಲಾಸಿನಿಂದ ದೂರೂ ಬರುತ್ತದೆ. ಎಚ್ಚೆಮ್ ಸರ್ ಬಾಗಿಲ ಬಳಿ ಬಂದು ನಿಂತು ನೋಡಿ ಹೋಗುತ್ತಾರೆ. ಆ ಗದ್ದಲದ ಪರವಾಗಿ ನಾನು ಅವರ ಜೊತೆ ಮಾತಾಡಿದ್ದೇನೆ, ಮುಂದೆಯೂ ಮಾತಾಡುತ್ತೇನೆ.

ಇನ್ನು ರಜೆ ಅರ್ಜಿಯ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮ ಮಕ್ಕಳಿಗೆಲ್ಲ ಒಂದೇ ಒಂದು ಲೀವ್ ಲೆಟರ್ ಬರುತ್ತದೆ. 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್.' ತಂಗಿಯ ಹುಟ್ಟುಹಬ್ಬಕ್ಕೂ ಜ್ವರ, ಊರ ಜಾತ್ರೆಗೂ ಜ್ವರ. ಬಾಯಿಪಾಠ ಮಾಡಿದ ಆ ನಾಲ್ಕು ಸಾಲು ಬಿಟ್ಟು ಬೇರೆ ಬರೆಯಲು ಬರುವುದಿಲ್ಲವಾದ್ದರಿಂದ ಮಕ್ಕಳು ಸುಳ್ಳು ಹೇಳುತ್ತಾರೆ. ಎಂಥ ಸ್ಥಿತಿ ನೋಡಿ. ನಮ್ಮ ಕ್ಲಾಸಿನ ನಿಯಮ, ರಜೆ ಹಾಕಿದವರು ನಿಜವಾದ ಕಾರಣವನ್ನು ಸ್ವಂತ ಇಂಗ್ಲಿಷಿನಲ್ಲಿ ಬರೆದು ತರಬೇಕು. ಎರಡು ಸಾಲು ಸಾಕು. ತಪ್ಪಿದ್ದರೂ ಪರವಾಗಿಲ್ಲ. ನಿಜ ಬರೆದದ್ದಕ್ಕೆ ಯಾರಿಗೂ ಬೈಗುಳ ಇಲ್ಲ.

ಬಂದ ಪತ್ರಗಳನ್ನು ನಾನು ಎತ್ತಿಟ್ಟಿದ್ದೇನೆ. 'ಐ ಆ್ಯಮ್ ನಾಟ್ ಕಮ್ ಯೆಸ್ಟರ್ಡೇ. ಅವರ್ ಕೌ ಗಿವ್ ಕಾಫ್ ಇನ್ ನೈಟ್. ಐ ಆ್ಯಮ್ ಓನ್ಲಿ ಹೋಮ್.' ಇದನ್ನು ಬರೆದ ಹುಡುಗನ ಮನೆಯಲ್ಲಿ ಅವತ್ತು ದೊಡ್ಡವರು ಯಾರೂ ಇರಲಿಲ್ಲ. ಹಸು ಕರು ಹಾಕುವಾಗ ಅವನೊಬ್ಬನೇ ರಾತ್ರಿಯೆಲ್ಲ ಎದ್ದಿದ್ದ. ಜ್ವರದ ಪತ್ರದಲ್ಲಿ ಇದು ನನಗೆ ಗೊತ್ತಾಗುತ್ತಿತ್ತಾ? ಇನ್ನೊಬ್ಬಳು ಬರೆದಿದ್ದಳು, 'ಮೈ ಮದರ್ ಗೋ ಟು ಕೊಬ್ಬರಿ ವರ್ಕ್. ಐ ಸೀ ಮೈ ಬ್ರದರ್.' ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಳು ಪಾಪ. ಅಂಥ ಪತ್ರ ಮೇಲಿಂದ ಮೇಲೆ ಬಂದಾಗ ನಾನು ಅವರ ಮನೆಗೆ ಹೋಗಿ ಮಾತಾಡಿ, ತಮ್ಮನನ್ನು ಅಂಗನವಾಡಿಗೆ ಸೇರಿಸುವ ವ್ಯವಸ್ಥೆ ಆಯಿತು. ವ್ಯಾಕರಣದ ತಪ್ಪು ಆಮೇಲೂ ಸರಿ ಮಾಡಬಹುದು. ಆ ಎರಡು ಸಾಲು ಓದಿ ಅರ್ಥವಾಗಿ ಯಾರೋ ಒಬ್ಬರು ಮನೆ ಬಾಗಿಲಿಗೆ ಬಂದರು ಅನ್ನುವುದು ಆ ಹುಡುಗಿಗೆ ಗೊತ್ತಾಯಿತಲ್ಲ, ಬರೆಯುವುದು ಯಾಕೆ ಅನ್ನುವುದಕ್ಕೆ ಬೇರೆ ಪಾಠ ಬೇಕಾಗಲಿಲ್ಲ.

ಗೈಡ್ ವಿಷಯದಲ್ಲೂ ಇದೇ ನಿಲುವು. ಗೈಡ್ ಇಟ್ಟುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೂ ಇಟ್ಟುಕೊಳ್ಳುತ್ತಾರೆ. ಓದಿ, ಅರ್ಥ ಮಾಡಿಕೊಳ್ಳಿ. ಆದರೆ ನನಗೆ ತೋರಿಸುವ ನೋಟ್ ಪುಸ್ತಕದಲ್ಲಿ ಗೈಡಿನ ಸಾಲು ಬೇಡ. ನಿಮ್ಮದೇ ಎರಡು ಸಾಲು ಬರೆದರೆ ಗೈಡಿನ ಹತ್ತು ಸಾಲಿಗಿಂತ ಜಾಸ್ತಿ ಅಂಕ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಬರುವುದಕ್ಕೂ ಇದೇ. ಪದದ ಅರ್ಥ ನೋಡಿಕೊಳ್ಳಲಿ, ತಪ್ಪಿಲ್ಲ. ಬರೆದು ತಂದ ವಾಕ್ಯವನ್ನು ನನ್ನ ಮುಂದೆ ಓದಿ, ಇದರಲ್ಲಿ ಏನು ಹೇಳಿದ್ದೀಯಾ ಅಂದರೆ ಹೇಳಲು ಬರಬೇಕು. ಬರದಿದ್ದರೆ ಶಿಕ್ಷೆ ಇಲ್ಲ, ಅಲ್ಲೇ ಕೂತು ಇನ್ನೊಂದು ಸಲ ಬರೆಯುತ್ತಾರೆ ಅಷ್ಟೇ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಥರದ ತಪ್ಪು. ಈ ವಾರ ಹಿಂದಿನ ಕಾಲದ ಕ್ರಿಯಾಪದ ಅಂದರೆ ಅದೊಂದಕ್ಕೇ ಅಡಿಗೆರೆ. ಗೆರೆ ಎಳೆಯುವುದು ನಾನು, ಸರಿ ಮಾಡುವುದು ಮಗು. ಹತ್ತು ಸಾಲಿನಲ್ಲಿ ಮೂವತ್ತು ಕೆಂಪು ಗುರುತು ಕಂಡ ಮಗು ಇನ್ನೊಂದು ಸಲ ಹತ್ತು ಸಾಲು ಬರೆಯುವುದಿಲ್ಲ. ಮೂರೇ ಸಾಲು ಬರೆದು ಸುಮ್ಮನಾಗುತ್ತದೆ. ಕಡಿಮೆ ಬರೆದರೆ ಕಡಿಮೆ ತಪ್ಪು ಅನ್ನುವುದನ್ನು ಮಕ್ಕಳು ತುಂಬ ಬೇಗ ಕಲಿಯುತ್ತಾರೆ.

ಹೋಂವರ್ಕ್ ನಾನು ಕಡಿಮೆ ಕೊಡುತ್ತೇನೆ. ಸಂಜೆ ಮನೆಗೆ ಹೋದರೆ ಹಸುಗಳಿಗೆ ಮೇವು, ಡೈರಿಗೆ ಹಾಲು ಹಾಕುವುದು, ಹೆಣ್ಣುಮಕ್ಕಳಿಗಂತೂ ಅಡುಗೆ ಮನೆ. ಬರೆಯುವ ಕೆಲಸ ಕ್ಲಾಸಿನಲ್ಲೇ ಆಗಲಿ, ನನ್ನ ಕಣ್ಣೆದುರು. ಬಸ್ ತಡವಾಗಿ ಬಂದವರು ಹೊರಗೆ ನಿಲ್ಲುವುದು ಬೇಡ, ಸದ್ದಿಲ್ಲದೆ ಬಂದು ಕೂತು ಪಕ್ಕದವರನ್ನು ಕೇಳಿಕೊಳ್ಳಲಿ. ಬಸ್ಸಿನ ತಪ್ಪಿಗೆ ಮಗುವಿಗೆ ಯಾಕೆ ಶಿಕ್ಷೆ?

ಹತ್ತನೇ ಕ್ಲಾಸಿಗೆ ಬಂದರೆ ಮಾತು ಬೇರೆ. ಇಂಗ್ಲಿಷಿಗೆ ಒಟ್ಟು 100 ಅಂಕ. ಅದರಲ್ಲಿ 80 ಬರವಣಿಗೆ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. 2023–24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬಂದವು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಆ ಅಂಕ ಉಳಿಯುತ್ತಿತ್ತು. ಮೂರು ಪರೀಕ್ಷೆ ಬಂದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ಫೇಲ್ ಆದ ಕಾರಣಕ್ಕೆ ಶಾಲೆ ಬಿಟ್ಟು ಮದುವೆಯಾದ ಹುಡುಗಿಯರನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಅದೇ ವರ್ಷ ಇನ್ನೊಂದು ಅವಕಾಶ ಇದೆ ಅಂದರೆ ಮನೆಯಲ್ಲಿ ವಾದ ಮಾಡಲು ಒಂದು ಆಧಾರ ಸಿಗುತ್ತದೆ.

ಹಾಗಾಗಿ ಪಾಸಿಂಗ್ ಪ್ಯಾಕೇಜನ್ನು ನಾನು ಹಳಿಯುವುದಿಲ್ಲ. ಪತ್ರದ ನಮೂನೆ, ಪ್ರೊಫೈಲ್, ಚಿತ್ರ ನೋಡಿ ಬರೆಯುವುದು, ಬಾಯಿಪಾಠದ ಪದ್ಯ. ಪಾಸಾಗುವುದೇ ಕಷ್ಟ ಅನ್ನುವ ಮಗುವಿಗೆ ಇಷ್ಟನ್ನು ಗಟ್ಟಿ ಮಾಡಿಸುತ್ತೇವೆ. ಆ ಮಗುವಿಗೆ ಪಾಸ್ ಅನ್ನುವುದು ಮುಂದಿನ ಬಾಗಿಲು. ಆದರೆ ಪ್ಯಾಕೇಜು ಜನವರಿಯ ಪ್ರಿಪರೇಟರಿ ಹೊತ್ತಿಗೆ ಬರಲಿ. ಎಂಟನೇ ಕ್ಲಾಸಿನ ಜೂನ್‌ನಲ್ಲೇ ಅದನ್ನು ಶುರು ಮಾಡುವ ಶಾಲೆಗಳಿವೆ. ಅಲ್ಲಿ ಮೂರು ವರ್ಷ ಒಂದೇ ಪತ್ರ, ಒಂದೇ ಪ್ರೊಫೈಲ್. ರಿಸಲ್ಟ್ ಬರುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಮಗುವಿಗೆ ಇಂಗ್ಲಿಷ್ ಬರುವುದಿಲ್ಲ. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಆಂತರಿಕ 20 ಅಂಕದ ವಿಷಯದಲ್ಲೂ ಸಿಟ್ಟಿದೆ. ಎಲ್ಲರಿಗೂ 19, 20 ಕೊಟ್ಟುಬಿಡುವುದು ಎಷ್ಟೋ ಕಡೆ ರೂಢಿ. ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಕೊಡುತ್ತಾರೆ. ಆದರೆ ಮಾತಾಡುವುದು, ಗಟ್ಟಿಯಾಗಿ ಓದುವುದು, ಕೇಳಿ ಅರ್ಥ ಮಾಡಿಕೊಳ್ಳುವುದು ಇವುಗಳಿಗೆ ಜಾಗ ಇರುವುದು ಆ 20ರಲ್ಲಿ ಮಾತ್ರ. ಮೂರು ಗಂಟೆಯ ಪರೀಕ್ಷೆಯಲ್ಲಿ ಬಾಯಿಗೆ ಕೆಲಸವೇ ಇಲ್ಲ. ಆ 20 ಸುಮ್ನೆ ಸಿಗುತ್ತದೆ ಅಂದಮೇಲೆ ಮಾತಾಡುವುದನ್ನು ಕಲಿಸುವವರೂ ಇಲ್ಲ, ಕಲಿಯುವವರೂ ಇಲ್ಲ. ಅದಕ್ಕೆ ನಾನು ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) ಅಂಕವನ್ನು ಎಲ್ಲರ ಮುಂದೆಯೇ ಕೊಡುತ್ತೇನೆ, ಯಾವುದಕ್ಕೆ ಎಷ್ಟು ಅಂತ ಮುಂಚೆಯೇ ಹೇಳಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಬಣ್ಣದ ಹಾಳೆ ಅಂಟಿಸಿದ ಪ್ರಾಜೆಕ್ಟಿಗೆ ಅಂಕ ಇಲ್ಲ. ಅಜ್ಜಿಯನ್ನು ಮಾತಾಡಿಸಿ ಬಂದು, ಅಜ್ಜಿ ಹೇಳಿದ್ದನ್ನು ಐದು ವಾಕ್ಯದಲ್ಲಿ ಕ್ಲಾಸಿಗೆ ಹೇಳಿದರೆ ಅಂಕ ಇದೆ. ಮೊದಮೊದಲು ಬಡ ಮಕ್ಕಳೇ ಇದರಲ್ಲಿ ಮುಂದೆ ಬಂದದ್ದು. ಅಂಗಡಿಗೆ ಕೊಡಲು ದುಡ್ಡಿಲ್ಲದವರ ಹತ್ತಿರ ಹೇಳಲು ಸುದ್ದಿ ಮಾತ್ರ ಬೇಕಾದಷ್ಟಿತ್ತು.

ಎಸ್‌ಡಿಎಂಸಿ, ಅಂದರೆ ಪೋಷಕರೇ ಇರುವ ಶಾಲಾ ಸಮಿತಿಯ ಸಭೆಯಲ್ಲಿ ಅಪ್ಪಂದಿರು ಕೇಳುವ ಪ್ರಶ್ನೆ ಒಂದೇ. 'ಮೇಡಂ, ನಮ್ ಹುಡುಗ ಇಂಗ್ಲಿಷ್ ಮಾತಾಡ್ತಾನಾ? ಕಾನ್ವೆಂಟ್ ಮಕ್ಕಳ ಥರ?' ಆ ಆಸೆಯನ್ನು ನಾನು ಹಗುರ ಮಾಡಲಾರೆ. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ಈ ಆಸೆಗೆ ಓಗೊಟ್ಟೇ. ನಾನು ಅವರಿಗೆ ಹೇಳುವುದು ಇಷ್ಟು. ಅಣ್ಣ, ಕಾನ್ವೆಂಟ್ ಮಕ್ಕಳ ಥರ ಅಂತ ಹೇಳಲಾರೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಾಲೇಜಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಹೆದರಿ ಹಿಂದೆ ಸರಿಯದ ಹಾಗೆ ಮಾಡಿ ಕಳಿಸುತ್ತೇನೆ. ನೀವು ಮಾಡಬೇಕಾದ್ದು ಒಂದಿದೆ. ಮನೆಗೆ ಬಂದ ನೆಂಟರ ಮುಂದೆ 'ಎಲ್ಲಿ, ಒಂದಿಷ್ಟು ಇಂಗ್ಲಿಷ್ ಮಾತಾಡು ನೋಡೋಣ' ಅಂತ ನಿಲ್ಲಿಸಬೇಡಿ. ನಾವು ವರ್ಷವಿಡೀ ಕಟ್ಟಿದ ಧೈರ್ಯ ಒಂದೇ ಸಂಜೆಗೆ ಹೋಗಿಬಿಡುತ್ತದೆ. ಇದನ್ನು ಕೇಳಿ ಹಲವರು ತಲೆಯಾಡಿಸುತ್ತಾರೆ, ಕೆಲವರು ನಿಜವಾಗಿಯೂ ನಿಲ್ಲಿಸುತ್ತಾರೆ.

ವರ್ಷದ ಕೊನೆಗೆ ಮಕ್ಕಳೂ ನಿಯಮ ಸೇರಿಸಬಹುದು, ತೆಗೆಯಬಹುದು. ಕ್ಲಾಸೆಲ್ಲ ಒಪ್ಪಬೇಕು, ನಾನೂ ಒಪ್ಪಬೇಕು. ಹೋದ ಸಲ ಬಂದದ್ದರಲ್ಲಿ ಹೆಚ್ಚಿನವು ಕಿಟಕಿ ಪಕ್ಕ ಕೂರುವ ಸರದಿಯ ಬಗ್ಗೆ. ಒಂದು ಮಾತ್ರ ನನ್ನ ಮೇಲೆ ಇತ್ತು. 'ಮೇಡಂ ಶುಡ್ ವೇಟ್.' ಅದನ್ನು ಹೇಳಿದ ಹುಡುಗನಿಗೆ ಯಾಕಪ್ಪ ಅಂದೆ. 'ನೀವು ಕೇಳ್ತೀರಾ ಮೇಡಂ. ನಾನು ಕನ್ನಡದಲ್ಲಿ ಯೋಚನೆ ಮಾಡ್ತೀನಿ. ಆಮೇಲೆ ಇಂಗ್ಲಿಷ್ ಹುಡುಕ್ತೀನಿ. ಅಷ್ಟರಲ್ಲಿ ನೀವು ಮುಂದಿನವರನ್ನ ಕೇಳಿರ್ತೀರಾ' ಅಂದ. ಅಮೆರಿಕದ ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಟೀಚರುಗಳು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡ್ ಅಷ್ಟೇ. ಅದನ್ನು ಮೂರು ಸೆಕೆಂಡ್‌ಗೆ ಏರಿಸಿದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುತ್ತಿದ್ದವರೂ ಮಾತಾಡುತ್ತಾರೆ. ಅದು ಒಂದೇ ಭಾಷೆಯಲ್ಲಿ ಯೋಚಿಸಿ ಅದರಲ್ಲೇ ಹೇಳುವ ಮಕ್ಕಳ ಲೆಕ್ಕ. ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಬೇಕು ಅಲ್ವಾ?

ಹತ್ತು ಎಣಿಸುವವರೆಗೆ ಕಾಯುವುದು ಅಂತ ತೀರ್ಮಾನವಾಯಿತು. ಈ ಜೂನ್‌ನಿಂದ ಅದು ಎಂಟನೇ ಕ್ಲಾಸಿನ ಚಾರ್ಟಿನಲ್ಲಿ ಹೊಸ ಸಾಲು. ನಡುವೆ ನಾನು ಬಾಯಿ ಹಾಕಿದರೆ ಮಕ್ಕಳು 'ಮೇಡಂ, ಇನ್ನೂ ಸಿಕ್ಸ್' ಅಂತ ನೆನಪಿಸುತ್ತಾರೆ. ಒಂಬತ್ತನೇ ಕ್ಲಾಸಿನವರು ಈಗ ಇದನ್ನು ಗಣಿತದ ಪಿರಿಯಡ್‌ಗೂ ತರಿಸಿಕೊಡಿ ಅಂತ ಕೇಳುತ್ತಿದ್ದಾರೆ. ಗಣಿತದ ಸರ್ ಜೊತೆ ಮಾತಾಡುತ್ತೇನೆ ಅಂತ ಹೇಳಿದ್ದೇನೆ.